ತರ್ಕ ಮತ್ತು ಸಹಜ ನಿಗಮನ

ಒಪ್ಪದ ಮಾತನ್ನು ಕ್ಷಣಕಾಲ ಒಪ್ಪಿ ಸತ್ಯವನ್ನು ಸಾಧಿಸಬಹುದೆ? ಹೊಗೆ ಕಂಡ ಬೆಟ್ಟದಲ್ಲಿ ಬೆಂಕಿಯಿಲ್ಲವೆನ್ನುವ ಪ್ರತಿವಾದಿಗೆ, ‘ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ’ ಎಂದು ತೋರಿಸುವುದೇ ತರ್ಕ. ಇದು ಬೇಕೆಂದೇ ಆರೋಪಿಸಿಕೊಂಡ ಜ್ಞಾನವಾದುದರಿಂದ ನೈಯಾಯಿಕರು ಇದನ್ನು ಪ್ರಮಾಣವೆನ್ನದೆ, ಪ್ರಮಾಣಕ್ಕೆ ಸಹಕಾರಿಯೆಂದಷ್ಟೇ ಎಣಿಸಿದರು. 14ನೆಯ ಶತಮಾನದ ದ್ವೈತಾಚಾರ್ಯ ಜಯತೀರ್ಥರಾದರೋ ‘ಪ್ರಮಾಣಪದ್ಧತಿ’ಯಲ್ಲಿ ತರ್ಕವನ್ನು ಅನುಮಾನದಲ್ಲಿಯೇ ಸೇರಿಸಿದರು.

1934–35ರಲ್ಲಿ ಜರ್ಮನಿಯ ಗೆರ್ಹಾರ್ಡ್ ಗೆಂಟ್ಸೆನ್ ಪ್ರಕಟಿಸಿದ ಸಹಜ ನಿಗಮನ ಪದ್ಧತಿಯಲ್ಲಿ ಇಂತಹ ನಡೆಗೆ ಸ್ಪಷ್ಟ ನಿಯಮವಿದೆ: ಊಹಿಸಿದ ಹೇಳಿಕೆ ವಿರೋಧಕ್ಕೆ ಕೊಂಡೊಯ್ದರೆ, ಆ ಊಹೆಯನ್ನು ವಿಸರ್ಜಿಸಿ ಅದರ ನಿಷೇಧವನ್ನು ಸ್ಥಾಪಿಸಬಹುದು. ಸಿದ್ಧಾಂತವು ಊಹೆಯ ಸತ್ಯವನ್ನು ಅವಲಂಬಿಸದು. ಆದರೆ ‘ಹೊಗೆಯಿದ್ದಲ್ಲಿ ಬೆಂಕಿ’ ಎಂಬ ವ್ಯಾಪ್ತಿಯನ್ನು ಯಾವ ನಿಗಮನ ನಿಯಮವೂ ಒದಗಿಸಲಾರದು; ಅದನ್ನು ಲೋಕಾನುಭವದಿಂದಲೇ ಪಡೆಯಬೇಕು. ತರ್ಕಶಾಸ್ತ್ರದ ಬಲವೂ ಮಿತಿಯೂ ಇಲ್ಲಿಯೇ ಇವೆ.