ತಂತಿ ಹೋದರೂ ತಂತಿಯ ಶಿಸ್ತು ಉಳಿಯಬೇಕು

ಪ್ರಶ್ನೆ: ನಮ್ಮ ಪಂಪ್‌ಹೌಸಿನ ನೀರಿನ ಮೀಟರಿಗೆ ಆರ್‌ಎಸ್-485 ಸೀರಿಯಲ್ ಪೋರ್ಟ್ ಮಾತ್ರ ಇದೆ. ಮೂರು ಕಿ.ಮೀ. ದೂರದ ಆಫೀಸಿನಲ್ಲಿ ಈಥರ್‌ನೆಟ್ ಇದೆ. ಕೇಬಲ್ ಎಳೆಯದೆ ಇವೆರಡನ್ನೂ ಜೋಡಿಸಬಹುದೆ?
– ಓದುಗರೊಬ್ಬರು, ಯಾಪಲದಿನ್ನಿ

ಉತ್ತರ: ಖಂಡಿತ ಜೋಡಿಸಬಹುದು. ಆರ್‌ಎಸ್-485 ತಂತಿಯ ಓಟ ಸುಮಾರು 1,200 ಮೀಟರಿಗೆ ಮುಗಿಯುತ್ತದೆ. ಅದನ್ನು ಮುಂದಕ್ಕೆ ಎಳೆದರೂ ಎರೆಭೂಮಿ ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಕೇಬಲನ್ನು ಜಗ್ಗುತ್ತದೆ. ಸಿಡಿಲು ಬಡಿದರೆ ಉದ್ದನೆಯ ತಾಮ್ರವೇ ಅದಕ್ಕೆ ದಾರಿ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದಲೇ ನಡೆಸುವ ಸ್ಕಾಡಾ ಬಂದಿರುವ ಕಾಲ ಇದು. ನಿಮ್ಮದು ಅದೇ ಕೆಲಸದ ಚಿಕ್ಕ ರೂಪ.

ಪಂಪ್‌ಹೌಸಿನಲ್ಲಿ ಸೀರಿಯಲ್ ಪೋರ್ಟಿನ ಒಂದು ರೇಡಿಯೊ ಮೋಡೆಮ್, ಆಫೀಸಿನಲ್ಲಿ ಈಥರ್‌ನೆಟ್ ಪೋರ್ಟಿನ ಇನ್ನೊಂದು ಸಾಕು. ಇಂಥ ಮೀಟರುಗಳು ಹೆಚ್ಚಾಗಿ ಆಡುವ ಭಾಷೆ 1979ರಲ್ಲಿ ಮೋಡಿಕಾನ್ ಕಂಪನಿ ತಂದ ಮೋಡ್‌ಬಸ್. ಆಫೀಸಿನ ಕಡೆಯ ಮೋಡೆಮ್‌ನಲ್ಲಿರುವ ಗೇಟ್‌ವೇ ಅದನ್ನು ಮೋಡ್‌ಬಸ್ ಟಿಸಿಪಿಗೆ ತಿರುಗಿಸಿ, 502ನೇ ಪೋರ್ಟಿನಲ್ಲಿ ಕಂಪ್ಯೂಟರಿಗೆ ಕೊಡುತ್ತದೆ.

ಬಹಳ ಜನ ಎಡವುವುದು ಇಲ್ಲಿ. ಮೂರೂವರೆ ಅಕ್ಷರದಷ್ಟು ಹೊತ್ತು ಮೌನವಾದರೆ ಮಾತು ಮುಗಿಯಿತು ಎಂದು ಮೀಟರ್ ತಿಳಿಯುತ್ತದೆ. 9600 ಬಾಡ್ ವೇಗದಲ್ಲಿ ಅದು ಬರೀ 4 ಮಿಲಿಸೆಕೆಂಡ್. ರೇಡಿಯೊ ಸಂದೇಶವನ್ನು ತುಂಡು ಮಾಡಿ ಕಳಿಸುವಾಗ ನಡುವೆ ಅಷ್ಟು ಬಿಡುವು ಬಿದ್ದರೆ, ಅರ್ಧ ಪ್ರಶ್ನೆಯನ್ನಷ್ಟೇ ಕೇಳಿಸಿಕೊಂಡ ಮೀಟರ್ ಉತ್ತರಿಸದೆ ಕೂರುತ್ತದೆ. ಬೈಗುಳ ಮಾತ್ರ ಆಂಟೆನಾಕ್ಕೆ! ಇಡೀ ಸಂದೇಶ ಕೂಡಿದ ಮೇಲೆ ಒಂದೇ ಉಸಿರಿಗೆ ಮೀಟರಿಗೆ ಒಪ್ಪಿಸುವಂತೆ ರೇಡಿಯೊದಲ್ಲಿ ಮೋಡ್‌ಬಸ್ ಸೆಟ್ಟಿಂಗ್ ಹಾಕಿ. ಕಂಪ್ಯೂಟರ್ ಉತ್ತರಕ್ಕೆ ಕಾಯುವ ಸಮಯವನ್ನೂ ಹೆಚ್ಚಿಸಿ. ಗಾಳಿಯ ದಾರಿ ತಂತಿಗಿಂತ ನಿಧಾನ.

ಆಂಟೆನಾದ ಪಾತ್ರವೇನೂ ಕಡಿಮೆಯಲ್ಲ. ನಿಗದಿತ ಶಕ್ತಿಯ ಮಿತಿಯೊಳಗೆ 865–868 ಮೆಗಾಹರ್ಟ್ಸ್ ಬಳಸಲು ಭಾರತದಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಮೂರು ಕಿ.ಮೀ. ದಾರಿಯ ನಟ್ಟನಡುವೆ ರೇಡಿಯೊ ಅಲೆಯ ಹರವಿಗೆ ಸುಮಾರು 16 ಮೀಟರ್ ತ್ರಿಜ್ಯ ಇರುತ್ತದೆ. ಅದರಲ್ಲಿ ನೂರಕ್ಕೆ 60 ಭಾಗವಾದರೂ ಖಾಲಿ ಇರಬೇಕು. ಅಂದರೆ ಎರಡೂ ಆಂಟೆನಾಗಳ ನಡುವೆ ದಾರ ಕಟ್ಟಿದಂತೆ ಭಾವಿಸಿಕೊಂಡರೆ, ಮಧ್ಯದಲ್ಲಿರುವ ಬೇವು, ಜಾಲಿಗಳ ತುದಿ ಆ ದಾರಕ್ಕಿಂತ ಹತ್ತು ಮೀಟರ್ ಕೆಳಗಿರಬೇಕು. ಪಂಪ್‌ಹೌಸಿನ ಮಾಳಿಗೆಯ ಎತ್ತರ ಸಾಲದಿದ್ದರೆ ನೀರಿನ ಟ್ಯಾಂಕಿನ ನೆತ್ತಿ ನೋಡಿ.

ಕಂಬ ಹತ್ತುವ ಮೊದಲು ಒಂದು ಪರೀಕ್ಷೆ ಮಾಡಿ. ಶಕ್ತಿ ತಗ್ಗಿಸಿ ಎರಡೂ ರೇಡಿಯೊಗಳನ್ನು ಒಂದೇ ಕೋಣೆಯಲ್ಲಿಟ್ಟು, ಮೀಟರ್ ಓದಿಸಿ. ಅಲ್ಲೇ ಓದದಿದ್ದರೆ ಬಾಡ್, ಪ್ಯಾರಿಟಿ, ಮೀಟರ್ ವಿಳಾಸ ಸರಿಯಿವೆಯೇ ನೋಡಿ. ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿಯೂ ನೋಡಿ. ಈ ಹೆಸರುಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಬರೆಯುವುದಿಲ್ಲ. ಕೋಣೆಯಲ್ಲಿ ಓದಿದ್ದು ಬಯಲಲ್ಲಿ ಓದದಿದ್ದರೆ, ಆಗ ಆಂಟೆನಾವನ್ನು ಬೈಯಿರಿ.