ಮೌನ ವಿದ್ಯಾರ್ಥಿಯೂ ಆನ್‌ಲೈನ್ ಚರ್ಚೆಯೂ

ನಾಸಿಕ ಜಿಲ್ಲೆಯ ಚಾಂದವಡ್, ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ ಚಿಕ್ಕ ಪಟ್ಟಣ. ಅಹಲ್ಯಾಬಾಯಿ ಹೋಳ್ಕರರ ರಂಗಮಹಲಿನಿಂದ ಹೆಸರಾದ ಈ ಊರಿನಲ್ಲಿ 1928ರಲ್ಲಿ ಸ್ಥಾಪಿತವಾದ ಶ್ರೀ ನೇಮಿನಾಥ ಜೈನ ಬ್ರಹ್ಮಚರ್ಯಾಶ್ರಮವು ಇಂದು ಇಂಜಿನಿಯರಿಂಗ್ ಕಾಲೇಜನ್ನೂ ನಡೆಸುತ್ತಿದೆ. ಇಂತಹ ಊರುಗಳಲ್ಲಿ ಮರಾಠಿಯಲ್ಲಿ ಕಲಿತು ಬಂದ ಹಳ್ಳಿಯ ವಿದ್ಯಾರ್ಥಿಗೆ ಇಂಗ್ಲಿಷ್ ಪಾಠದ ನಡುವೆ ಎದ್ದು ನಿಂತು ಪ್ರಶ್ನಿಸುವುದು ಸುಲಭವಲ್ಲ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದ ನಮ್ಮವರಿಗೂ ಈ ಸಂಕೋಚ ಅಪರಿಚಿತವೇನಲ್ಲ. ಉತ್ತರ ತಿಳಿದಿದ್ದರೂ ನಗೆಪಾಟಲಾಗುವ ಭಯ ನಾಲಗೆಯನ್ನು ಕಟ್ಟುತ್ತದೆ. ಕೇಳದೆ ಉಳಿದ ಸಂದೇಹ ಪರೀಕ್ಷೆಯವರೆಗೂ ಹಿಂಬಾಲಿಸುತ್ತದೆ.

ಇದಕ್ಕೆ ಸಮಯದ ಅಭಾವವೂ ಒಂದು ಕಾರಣ. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. 3 ಸೆಕೆಂಡು ಕಾದಾಗ ಉತ್ತರಗಳು ದೀರ್ಘವಾದವು, ಹಿಂದುಳಿದವರೂ ಬಾಯಿಬಿಟ್ಟರು. ಆನ್‌ಲೈನ್ ಚರ್ಚೆಯಾದರೋ ಸೆಕೆಂಡುಗಳ ಬದಲು ದಿನಗಳನ್ನೇ ನೀಡಬಲ್ಲದು. 2002ರಲ್ಲಿ ಬಂದ ಮೂಡಲ್, 2014ರ ಗೂಗಲ್ ಕ್ಲಾಸ್‌ರೂಮ್ ಇಂತಹ ಸಾಧನಗಳು. 2017ರಲ್ಲಿ ಆರಂಭವಾದ ಭಾರತ ಸರಕಾರದ 'ಸ್ವಯಂ' ಯೋಜನೆಯು ಪಾಠದ ನಾಲ್ಕು ಅಂಗಗಳಲ್ಲಿ ಚರ್ಚೆಯನ್ನೂ ಒಂದಾಗಿ ಎಣಿಸಿದೆ.

ಆದರೆ ಸಾಧನವೊಂದರಿಂದಲೇ ಫಲ ದೊರೆಯದು. ಈ ಕ್ರಮಗಳು ಅವಶ್ಯ:

1. ಪ್ರಶ್ನೆಗೆ ಪುಸ್ತಕದಿಂದ ನಕಲು ಮಾಡಬಹುದಾದ ಉತ್ತರವಿರಬಾರದು. 'ದಾಸ್ತಾನಿಟ್ಟ ಈರುಳ್ಳಿ ಏಕೆ ಕೊಳೆಯುತ್ತದೆ?' ಎಂದರೆ ನಾಸಿಕದ ರೈತನ ಮಗನಿಗೆ ಹೇಳಲು ಬೇಕಾದಷ್ಟಿರುತ್ತದೆ.

2. ಐದಾರು ಮಂದಿಯ ಗುಂಪುಗಳಿರಲಿ. ಪ್ರತಿಯೊಬ್ಬನೂ ಮೊದಲು ತನ್ನ ಅಭಿಪ್ರಾಯ ಬರೆದು, ಬಳಿಕ ಸಹಪಾಠಿಯೊಬ್ಬನಿಗೆ ಉತ್ತರಿಸಲಿ.

3. ಮೊದಮೊದಲು ಮಾತೃಭಾಷೆಯಲ್ಲಿ ಬರೆಯಲು ಅನುಮತಿಯಿರಲಿ.

4. ಅಧ್ಯಾಪಕರು ಕೂಡಲೇ ತೀರ್ಪು ನೀಡದೆ, ಒಳ್ಳೆಯ ಉತ್ತರವನ್ನು ಬರೆದವನ ಒಪ್ಪಿಗೆ ಪಡೆದು ಮರುದಿನದ ಪಾಠದಲ್ಲಿ ಎತ್ತಿಕೊಳ್ಳಲಿ. ಬರೆದವನು ಮಾತನಾಡಲು ಕಲಿಯುವುದು ಇಲ್ಲಿಂದಲೇ.

ಮನೆಗೆಲ್ಲ ಒಂದೇ ಫೋನಿರುವ ಕುಟುಂಬಗಳೂ ಇರುವುದರಿಂದ ಉತ್ತರಕ್ಕೆ ಎರಡು ಮೂರು ದಿನಗಳ ಅವಧಿ ಇರಬೇಕು. ನಿದ್ದೆಗೆಟ್ಟು ಪರದೆ ನೋಡುವುದು ಆರೋಗ್ಯಕ್ಕೆ ಹಿತವಲ್ಲ. ಮಲಗುವುದಕ್ಕೆ ಮುನ್ನ ಫೋನನ್ನು ದೂರವಿಡಬೇಕು. 20 ನಿಮಿಷಕ್ಕೊಮ್ಮೆ ದೂರದ ವಸ್ತುವನ್ನು ನೋಡಿದರೆ ಕಣ್ಣಿಗೆ ವಿಶ್ರಾಂತಿ ದೊರೆಯುತ್ತದೆ.

ತಂದೆತಾಯಂದಿರ ಪಾಲೂ ಇದರಲ್ಲಿದೆ. 'ಎಷ್ಟು ಅಂಕ ಬಂತು?' ಎನ್ನುವುದರ ಜೊತೆಗೆ 'ಇಂದು ಯಾವ ಪ್ರಶ್ನೆ ಕೇಳಿದೆ?' ಎಂದು ಕನ್ನಡದಲ್ಲಿಯೇ ವಿಚಾರಿಸುವ ಮನೆಯಲ್ಲಿ ಬೆಳೆದ ಮಗು ತರಗತಿಯಲ್ಲಿ ಬಹುಕಾಲ ಮೌನವಾಗಿರಲಾರದು.