ಮಾಮು ಅಂಗಡಿಯ ನೊಣ, ಆಪಾಳ ಬಯಾಲಜಿ



ನಾನು ಕಾಮರ್ಸ್ ವಿದ್ಯಾರ್ಥಿ. ಜೀವಶಾಸ್ತ್ರದ ಬಗ್ಗೆ ನಾನೇಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಈ ವರ್ಷ ನೀಟ್‌ನಲ್ಲಿ ಬಂದ ರ‍್ಯಾಂಕಿಗೆ ನಮ್ಮ ಆಪಾಗೆ ಮೆಡಿಕಲ್ ಸೀಟು ಸಿಗಲಿಲ್ಲ. ಆಪಾ ಎರಡು ದಿನ ಅತ್ತಳು. ಮೂರನೆಯ ದಿನ, "ನಾನು ಬಿ.ಎಸ್ಸಿ. ಸೇರುತ್ತೇನೆ. ಜೀವಕೋಶ ಮತ್ತು ಅಣು ಜೀವಶಾಸ್ತ್ರ ಓದುತ್ತೇನೆ" ಎಂದಳು. "ಡಾಕ್ಟರ್ ಆಗದ ಮೇಲೆ ಬಯಾಲಜಿ ಓದಿ ಏನು ಮಾಡುತ್ತಾಳೆ?" ಎಂದು ನೆಂಟರು ಕೇಳಿದರು. ಅಬ್ಬು ಏನೂ ಹೇಳಲಿಲ್ಲ. ಲಾಭ ನಷ್ಟ ನೋಡುವುದು ನಮ್ಮ ವಿಷಯ ತಾನೇ? ಆದ್ದರಿಂದ, "ಅದೇನು ಓದು, ನನಗೆ ಹೇಳಿಕೊಡು" ಎಂದು ನಾನೇ ಆಪಾಳನ್ನು ಕೇಳಿದೆ. ಅವಳು ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೂಲ ಪತ್ರ ಮತ್ತು ಜೆರಾಕ್ಸ್

ನಮ್ಮ ಪ್ರತಿಯೊಂದು ಜೀವಕೋಶವೂ ಒಂದು ಕಾರ್ಖಾನೆ ಇದ್ದ ಹಾಗೆ. ಅದರಲ್ಲಿ ತಯಾರಾಗುವ ಮುಖ್ಯ ಸರಕು ಪ್ರೊಟೀನ್. ಯಾವ ಪ್ರೊಟೀನನ್ನು ಹೇಗೆ ಮಾಡಬೇಕು ಎಂಬ ಬರಹ ಡಿಎನ್‌ಎಯಲ್ಲಿದೆ. ಮನೆಯ ಮೂಲ ಪತ್ರವನ್ನು ನಾವು ಬೀರುವಿನಲ್ಲಿಟ್ಟು ಜೆರಾಕ್ಸ್ ಮಾತ್ರ ಹೊರಗೆ ಕೊಡುತ್ತೇವಲ್ಲವೇ? ಡಿಎನ್‌ಎ ಕೂಡ ಹಾಗೆಯೇ ಕೋಶಕೇಂದ್ರದಲ್ಲಿ ಉಳಿಯುತ್ತದೆ. ಅದರ ನಕಲಾದ ಆರ್‌ಎನ್‌ಎ ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಓದಿ ಪ್ರೊಟೀನ್ ಕಟ್ಟುತ್ತದೆ.

ಈ ಬರಹದಲ್ಲಿ ಇರುವುದು ನಾಲ್ಕೇ ಅಕ್ಷರ. ಮೂರು ಅಕ್ಷರಕ್ಕೆ ಒಂದು ಪದ. ಹೀಗೆ ಒಟ್ಟು 64 ಪದಗಳಾಗುತ್ತವೆ. ಅವುಗಳಲ್ಲಿ 61 ಪದಗಳು 20 ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರರ ಅರ್ಥ "ಇಲ್ಲಿಗೆ ನಿಲ್ಲಿಸು".

ಓದುವುದು ಎಲ್ಲಿಂದ ಶುರುವಾಗುತ್ತದೆ ಎಂಬುದೂ ಮುಖ್ಯ. "ಅವನು ಬಾಗಿಲು ತೆರೆದ" ಎಂಬ ವಾಕ್ಯದಲ್ಲಿ "ವ" ಒಂದನ್ನು ತೆಗೆದು ಮೂರು ಮೂರಾಗಿ ಓದಿ: "ಅನುಬಾ ಗಿಲುತೆ ರೆದ." ಹೋದದ್ದು ಒಂದೇ ಅಕ್ಷರ, ಕೆಟ್ಟದ್ದು ಇಡೀ ಸಾಲು. ಅಕ್ಷರ ಹೋಗದೆ ಬದಲಾದರೂ ತೊಂದರೆಯೇ. ಉರ್ದುವಿನಲ್ಲಿ "ದುವಾ" ಪದಕ್ಕೆ ಒಂದು ಚುಕ್ಕೆ ಇಟ್ಟರೆ ಅದು "ದಗಾ" ಆಗುತ್ತದೆ. ಪ್ರಾರ್ಥನೆ ಹೋಗಿ ಮೋಸ! ಹಿಮೋಗ್ಲೋಬಿನ್‌ನ ಬರಹದಲ್ಲಿ ಜಿಎಜಿ ಎಂಬ ಒಂದು ಪದ ಜಿಟಿಜಿ ಆದರೆ, ಮತ್ತು ಆ ತಪ್ಪು ತಂದೆ ತಾಯಿ ಇಬ್ಬರಿಂದಲೂ ಬಂದರೆ, ಮಗುವಿಗೆ ಕುಡುಗೋಲು ಕಣ ರೋಗ ಬರುತ್ತದೆ. ಲೆಡ್ಜರ್‌ನಲ್ಲಿ ಒಂದು ಅಂಕಿ ತಪ್ಪಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ನಾವು ರಾತ್ರಿಯಿಡೀ ಹುಡುಕುವುದಿಲ್ಲವೇ? ಈ ವಿಜ್ಞಾನಿಗಳ ಕೆಲಸವೂ ಹಾಗೆಯೇ ತಪ್ಪು ಹುಡುಕುವುದು. ಎಲ್ಲಿ ತಪ್ಪಿತು ಎಂದು ತಿಳಿದರೆ, ಸರಿಯಿದ್ದಾಗ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದೂ ತಿಳಿಯುತ್ತದೆ.

ಆಲಿಕಲ್ಲಿನಿಂದ ಹಣ್ಣುನೊಣದವರೆಗೆ

ಈ ಪಾಠ ಹೇಳುವಾಗ ಆಪಾ ಒಬ್ಬರ ಹೆಸರನ್ನು ಮತ್ತೆ ಮತ್ತೆ ಹೇಳಿದಳು. ಅವರೇ ಒಬೈದ್ ಸಿದ್ದೀಕಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದರು. ದೆಹಲಿಯಲ್ಲಿ ಗೋಧಿಯ ಮೇಲೆ ಸಂಶೋಧನೆ ಮಾಡುತ್ತಿದ್ದಾಗ ಆಲಿಕಲ್ಲು ಮಳೆಗೆ ಅವರ ಬೆಳೆಯೆಲ್ಲ ಹಾಳಾಯಿತು. ಅವರು ಓದು ಬಿಡಲಿಲ್ಲ. ಗ್ಲಾಸ್ಗೋಗೆ ಹೋಗಿ ಪಿಎಚ್.ಡಿ. ಮಾಡಿದರು. ನಂತರ ಅಮೆರಿಕದಲ್ಲಿ ಅಲನ್ ಗಾರೆನ್ ಅವರೊಂದಿಗೆ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಕೆಲಸ, ಮೇಲೆ ಹೇಳಿದ "ನಿಲ್ಲಿಸು" ಪದಗಳನ್ನು ಅರಿಯಲು ನೆರವಾಯಿತು. 1962ರಲ್ಲಿ ಹೋಮಿ ಭಾಭಾ ಅವರ ಕರೆಯ ಮೇರೆಗೆ ಮುಂಬೈನ ಟಿಐಎಫ್‌ಆರ್‌ನಲ್ಲಿ ಅಣು ಜೀವಶಾಸ್ತ್ರ ವಿಭಾಗ ಆರಂಭಿಸಿದರು.

ರಸೆಲ್ ಮಾರ್ಕೆಟ್‌ನ ನಮ್ಮ ಮಾಮು ಅಂಗಡಿಯಲ್ಲಿ ಕಳಿತ ಬಾಳೆಹಣ್ಣಿನ ಮೇಲೆ ಸಣ್ಣ ನೊಣಗಳು ಹಾರುತ್ತವೆ. ಮಾಮು ದಿನವಿಡೀ ಅವನ್ನು ಓಡಿಸುತ್ತಲೇ ಇರುತ್ತಾರೆ. ಅಂಥ ಹಣ್ಣುನೊಣವನ್ನೇ ಸಿದ್ದೀಕಿ ಅಧ್ಯಯನಕ್ಕೆ ಆರಿಸಿಕೊಂಡರು. ಸುಮಾರು ಹತ್ತು ದಿನಕ್ಕೆ ಅದರ ಹೊಸ ಪೀಳಿಗೆ ಬರುತ್ತದೆ, ಸಾಕುವ ಖರ್ಚೂ ಕಡಿಮೆ. ಕೆಲವು ನೊಣಗಳು ಬಿಸಿ ತಾಗಿದರೆ ನಿಶ್ಚಲವಾಗಿ ಬೀಳುತ್ತವೆ, ತಣ್ಣಗಾದರೆ ಎದ್ದು ನಡೆಯುತ್ತವೆ. ಇವುಗಳ ನರಗಳಲ್ಲಿ ವಿದ್ಯುತ್ ಸಂಕೇತ ಹೇಗೆ ಕೆಡುತ್ತದೆ ಎಂದು ಸಿದ್ದೀಕಿ ಮತ್ತು ಸೀಮೋರ್ ಬೆಂಜರ್ 1976ರಲ್ಲಿ ತೋರಿಸಿದರು. ಬರಹದಲ್ಲಿ ಒಂದು ತಪ್ಪು, ಅದರಿಂದ ಪ್ರೊಟೀನಿನಲ್ಲಿ ದೋಷ, ನರಕೋಶದಲ್ಲಿ ತಡೆ, ಕೊನೆಗೆ ನೊಣದ ನಡೆಯೇ ನಿಲ್ಲುತ್ತದೆ. ಈ ಸರಪಳಿಯನ್ನು ಹಿಡಿಯುವುದೇ ಆಪಾ ಓದಬೇಕೆಂದಿರುವ ವಿಷಯ.

ಡಬ್ಲಿನ್‌ನಲ್ಲಿ ಓದಿದ ವೆರೋನಿಕಾ ರೊಡ್ರಿಗಸ್ ಎಂಬ ಯುವತಿ ಸಿದ್ದೀಕಿ ಅವರ ಬಳಿ ಪಿಎಚ್.ಡಿ. ಮಾಡಲು ಮುಂಬೈಗೆ ಬಂದರು. ನೊಣಕ್ಕೆ ರುಚಿ, ವಾಸನೆ ಹೇಗೆ ತಿಳಿಯುತ್ತದೆ ಎಂದು ಇಬ್ಬರೂ ಹುಡುಕಿದರು. ಸಿದ್ದೀಕಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಸ್ಥಾಪಿಸಿದರು. ಅದು ಹೆಬ್ಬಾಳದ ಆಚೆ ಜಿಕೆವಿಕೆ ಆವರಣದಲ್ಲಿದೆ. 2006ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 2013ರಲ್ಲಿ ರಸ್ತೆ ಅಪಘಾತದಿಂದ ತೀರಿಕೊಂಡರು. ಅಲ್ಲಿಯವರೆಗೂ ಸಂಶೋಧನೆ ಬಿಟ್ಟಿರಲಿಲ್ಲ.

ನಾನು ಹಾಕಿದ ಲೆಕ್ಕ

ಖರ್ಚಿನ ಕಡೆ: ದಾರಿ ಉದ್ದ. ಪದವಿ, ಎಂ.ಎಸ್ಸಿ., ಆಮೇಲೆ ಪಿಎಚ್.ಡಿ.ಗೆ ಐದು ವರ್ಷ ಅಥವಾ ಹೆಚ್ಚು. ಪ್ರಯೋಗಗಳು ಹಲವು ಸಲ ಸೋಲುತ್ತವೆ. ಜಮಾ ಕಡೆ: ಸಂಶೋಧನೆಗೆ ಆಯ್ಕೆಯಾದವರಿಗೆ ಫೆಲೋಶಿಪ್ ಹಣ ಸಿಗುತ್ತದೆ. ಲಸಿಕೆ, ಔಷಧ, ರೋಗಪತ್ತೆ, ಬಿತ್ತನೆ ಬೀಜ, ಎಲ್ಲದಕ್ಕೂ ಈ ಓದು ಬೇಕು. ಡಾಕ್ಟರು ಬರೆಯುವ ಮಾತ್ರೆಯ ಹಿಂದೆಯೂ ಇಂಥವರ ದುಡಿಮೆ ಇದೆ.

ಹತ್ತನೇ ತರಗತಿಯ ತಮ್ಮ ತಂಗಿಯರಿದ್ದರೆ ಒಂದು ಮಾತು ತಿಳಿಸಿ. ಬಯಾಲಜಿ ತೆಗೆದುಕೊಂಡರೂ ಗಣಿತ ಬಿಡಬೇಡಿ. ನಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೆ ಪಿಯುಸಿಯಲ್ಲಿ ಗಣಿತ ಇರಲೇಬೇಕು. ನೀಟ್ ಒಂದನ್ನೇ ನೋಡಿ ಗಣಿತ ಬಿಟ್ಟವರಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ. ಮತ್ತೆ, ಬಿ.ಎಸ್ಸಿ. ಸೇರಿದವರನ್ನು ಸೋತವರು ಎಂದು ಕರೆಯಬೇಡಿ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ರಾತ್ರಿ ಊಟದ ನಂತರ ಅಬ್ಬು ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಆಪಾಳ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ಅರ್ಜಿ ಹಾಕಲು ಕೊನೆಯ ದಿನ ಯಾವಾಗ, ಬೇಟಾ?"

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ